ಊರಿಗೆ ಹೊರಡುವ ಮೊದಲು: ಕಾರಿನ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ನೋಡಿ ತುಂಬಿಸುವ ಕ್ರಮ

ಮುಂಬೈ, ಪುಣೆಯಲ್ಲಿರುವ ಕನ್ನಡಿಗರ ಕಾರು ವರ್ಷದ ಬಹುಪಾಲು ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುತ್ತಿರುತ್ತದೆ. ಚೌತಿ, ದೀಪಾವಳಿ, ಮೇ ರಜೆ ಬಂದಾಗ ಅದೇ ಕಾರು ಮನೆಮಂದಿಯನ್ನೂ ಸಾಮಾನನ್ನೂ ಹೊತ್ತು ಹುಬ್ಬಳ್ಳಿಗೋ ಉಡುಪಿಗೋ ಒಂದೇ ಓಟದಲ್ಲಿ ಹೋಗಬೇಕು. ದಾರಿಯಲ್ಲಿ ಭೋರ್ ಘಾಟ್, ಖಂಬಾಟ್ಕಿ, ಅಂಬೋಲಿ, ಚೋರ್ಲಾ. ಟ್ರಾಫಿಕ್ಕಿನಲ್ಲಿ ನಿಂತು ಕಾಯುವ ಕಾರಿನ ಆಯಿಲ್ ಬೇಗ ಹಳಸುತ್ತದೆ. ಘಾಟ್ ಹತ್ತುವಾಗ ಇಂಜಿನ್ ತಂಪಾಗಿಡುವ ಕೂಲಂಟ್‌ಗೆ ಪರೀಕ್ಷೆ, ಇಳಿಯುವಾಗ ಬ್ರೇಕ್ ಆಯಿಲ್‌ಗೆ ಪರೀಕ್ಷೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಬಾನೆಟ್ಟಿನ ಕೆಳಗಿರುವ ದ್ರವಗಳಲ್ಲಿ ಖರ್ಚಾಗಲೆಂದೇ ಇರುವುದು ಗಾಜು ತೊಳೆಯುವ ನೀರು, ಕೆಲವು ಡೀಸೆಲ್ ಕಾರುಗಳಲ್ಲಿ ಹೊಗೆ ಶುದ್ಧಗೊಳಿಸುವ ಡೆಫ್ ದ್ರವ. ಇಂಜಿನ್ ಆಯಿಲ್ ಸ್ವಲ್ಪ ಉರಿದು ಹೋಗುವುದು ಸಹಜ, ಬ್ರೇಕ್ ಪ್ಯಾಡ್ ಸವೆದಷ್ಟು ಬ್ರೇಕ್ ಆಯಿಲ್ ಇಳಿಯುವುದೂ ಸಹಜ. ಇದರಾಚೆಗೆ ಯಾವ ಮಟ್ಟ ಇಳಿದರೂ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ತುಂಬಿಸುವುದು ಎರಡನೆಯ ಕೆಲಸ. ಎಲ್ಲಿ ಹೋಯಿತು ಎಂದು ಹುಡುಕುವುದು ಮೊದಲನೆಯದು.

ಯಾವಾಗ, ಎಲ್ಲಿ ನೋಡಬೇಕು

ಬೆಳಿಗ್ಗೆ, ಕಾರು ಚಾಲೂ ಮಾಡುವ ಮೊದಲೇ ನೋಡುವುದು ಒಳ್ಳೆಯದು. ರಾತ್ರಿಯಿಡೀ ನಿಂತ ಇಂಜಿನ್ ತಣ್ಣಗಿರುತ್ತದೆ, ಆಯಿಲ್ ಪೂರ್ತಿ ಕೆಳಗಿಳಿದಿರುತ್ತದೆ, ಕೂಲಂಟ್ ಮುಚ್ಚಳ ತೆರೆಯಲು ಭಯವಿಲ್ಲ. ತಿಂಗಳಿಗೊಮ್ಮೆ ನೋಡಿದರೆ ಸಾಕು. ದೂರ ಹೊರಡುವುದಿದ್ದರೆ ನಾಲ್ಕೈದು ದಿನ ಮೊದಲೇ ನೋಡಿ. ಹೊರಡುವ ಬೆಳಿಗ್ಗೆ ಸೋರಿಕೆ ಕಂಡರೆ ಗ್ಯಾರೇಜಿಗೆ ಹೋಗಲು ಸಮಯವಿರುವುದಿಲ್ಲ.

ನೆಲ ಸಮತಟ್ಟಾಗಿರಬೇಕು. ಸೊಸೈಟಿಯ ರ‍್ಯಾಂಪ್ ಮೇಲೆ, ಸ್ಟ್ಯಾಕ್ ಪಾರ್ಕಿಂಗ್‌ನ ಹಲಗೆಯ ಮೇಲೆ ನಿಂತ ಕಾರಿನಲ್ಲಿ ಸಿಗುವ ಅಳತೆ ಸುಳ್ಳಾಗಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಡಿ. ಆಟೊಮ್ಯಾಟಿಕ್ ಆದರೆ 'ಪಿ'. ಇಗ್ನಿಶನ್ ಆಫ್ ಮಾಡಿ ಕೀಲಿ ಹೊರಗೆ ತೆಗೆದಿಡಿ. ಬಟನ್ ಒತ್ತಿ ಚಾಲೂ ಮಾಡುವ ಕಾರು ಮತ್ತು ಹೈಬ್ರಿಡ್‌ಗಳಲ್ಲಿ ಕೀಲಿಯನ್ನು ಕಾರಿನಿಂದ ದೂರವೇ ಇಡಬೇಕು. ಹೈಬ್ರಿಡ್ ಕಾರು 'ರೆಡಿ' ಸ್ಥಿತಿಯಲ್ಲಿದ್ದರೆ ಸದ್ದಿಲ್ಲದೆ ನಿಂತಿದ್ದರೂ ಇಂಜಿನ್ ತಾನಾಗಿ ಚಾಲೂ ಆಗಬಹುದು. ಬಿಸಿ ಇಂಜಿನ್ನಿನ ರೇಡಿಯೇಟರ್ ಫ್ಯಾನ್ ಕೂಡ ಅಷ್ಟೇ, ಇಂಜಿನ್ ನಿಲ್ಲಿಸಿದ ಮೇಲೂ ಒಮ್ಮೆಲೇ ತಿರುಗಬಹುದು. ಸೆರಗು, ದುಪ್ಪಟ್ಟಾ, ಕೊರಳ ಸರ, ಟೈ ಯಾವುದೂ ಜೋತಾಡಬಾರದು.

ಬೇಕಾಗುವುದು ಇಷ್ಟೇ: ಟಾರ್ಚ್, ನೂಲು ಬಿಡದ ಹಳೆಯ ಹತ್ತಿ ಬಟ್ಟೆ, ಒಣಗಿದ ಲಾಳಿಕೆ, ಗ್ಲವ್ಸ್, ಮತ್ತು ಕಾರಿನ ಜೊತೆ ಬಂದ ಕೈಪಿಡಿ. ಕೈಪಿಡಿಯ ಕೊನೆಯ ಪುಟಗಳಲ್ಲಿ ಯಾವ ದ್ರವ, ಯಾವ ದರ್ಜೆ, ಎಷ್ಟು ಲೀಟರ್ ಎಂಬ ಪಟ್ಟಿ ಇರುತ್ತದೆ. ಅದರ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಅಂಗಡಿಯವನು 'ಎಲ್ಲಾ ಗಾಡಿಗೂ ಇದೇ ಹಾಕುತ್ತಾರೆ' ಎಂದಾಗ ತೋರಿಸಲು ಬೇಕಾಗುತ್ತದೆ.

ಬಾನೆಟ್ ಎತ್ತುವ ಮೊದಲು ಕೆಳಗೆ ನೆಲ ನೋಡಿ. ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿಟ್ಟರೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂಬುದು ಸರಿಯಾಗಿ ಕಾಣುತ್ತದೆ. ಏಸಿ ಹಾಕಿ ಬಂದ ಕಾರಿನಡಿ ತಿಳಿನೀರು ಇದ್ದರೆ ಚಿಂತೆ ಬೇಡ. ಕರಾವಳಿಯ ತೇವದ ಹವೆಯಲ್ಲಿ ಅದು ಧಾರಾಳವಾಗಿಯೇ ಸುರಿಯುತ್ತದೆ. ಕಂದು ಅಥವಾ ಕಪ್ಪು ಜಿಡ್ಡು ಇಂಜಿನ್ ಆಯಿಲ್. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ, ಸಿಹಿವಾಸನೆಯ ಅಂಟು ನೀರು ಕೂಲಂಟ್. ಚಕ್ರದ ಒಳಬದಿಯಲ್ಲಿ ತೆಳು ಹಳದಿಯ ಜಾರುವ ದ್ರವ ಕಂಡರೆ ಅದು ಬ್ರೇಕ್ ಆಯಿಲ್, ಆ ಕಾರನ್ನು ಹೊರಗೆ ತೆಗೆಯಬೇಡಿ.

ಇಂಜಿನ್ ಆಯಿಲ್

ಹಳದಿ ಅಥವಾ ಕಿತ್ತಳೆ ಬಣ್ಣದ ಹಿಡಿಯಿರುವ ಕಡ್ಡಿಯೇ ಡಿಪ್‌ಸ್ಟಿಕ್. ಎಳೆದು ತೆಗೆದು ಪೂರ್ತಿ ಒರೆಸಿ, ಕೊನೆಯವರೆಗೆ ಒತ್ತಿ ತೂರಿಸಿ, ಮತ್ತೆ ತೆಗೆಯಿರಿ. ಮೊದಲ ಸಲ ತೆಗೆದಾಗ ಕಾಣುವುದು ಕೊಳವೆಗೆ ಅಂಟಿದ ಆಯಿಲ್, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯ ಸಲ ಕಡ್ಡಿಯನ್ನು ಅಡ್ಡಲಾಗಿ ಹಿಡಿದು ಎರಡೂ ಬದಿ ನೋಡಿ. ಬದಿಗಳಲ್ಲಿ ವ್ಯತ್ಯಾಸವಿದ್ದರೆ ಕಡಿಮೆ ಇರುವುದನ್ನೇ ನಂಬಿ. ಎರಡು ತೂತು ಅಥವಾ ಎರಡು ಗೆರೆಗಳ ನಡುವೆ ಆಯಿಲ್ ಇರಬೇಕು. ಕೆಲವು ಕೈಪಿಡಿಗಳು ಇಂಜಿನ್ ಬಿಸಿ ಮಾಡಿ, ನಿಲ್ಲಿಸಿ, ಐದರಿಂದ ಹತ್ತು ನಿಮಿಷ ಬಿಟ್ಟು ನೋಡಲು ಹೇಳುತ್ತವೆ. ನಿಮ್ಮ ಕಾರಿಗೆ ಹಾಗೆ ಹೇಳಿದ್ದರೆ ಹಾಗೆಯೇ ಮಾಡಿ, ಪ್ರತಿ ಸಲವೂ ಅದೇ ಕ್ರಮ ಇರಲಿ. ಒಮ್ಮೆ ತಣ್ಣಗೆ, ಒಮ್ಮೆ ಬಿಸಿಗೆ ನೋಡಿದರೆ ಏರಿತೋ ಇಳಿಯಿತೋ ತಿಳಿಯುವುದಿಲ್ಲ.

ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್, ಸಣ್ಣ ಇಂಜಿನ್ನುಗಳಲ್ಲಿ ಅದಕ್ಕಿಂತ ಕಡಿಮೆ. ಅಂದರೆ ಮಟ್ಟ ನಡುವೆ ಇದ್ದರೆ ಅರ್ಧ ಲೀಟರಿಗಿಂತ ಹೆಚ್ಚು ಹಿಡಿಸದು. ಇಂಜಿನ್ ಮೇಲಿನ, ಎಣ್ಣೆಕುಡಿಕೆಯ ಚಿತ್ರವಿರುವ ಮುಚ್ಚಳ ತೆಗೆದು 200 ಮಿಲಿಲೀಟರ್ ಹಾಕಿ, ಐದು ನಿಮಿಷ ಕಾದು, ಮತ್ತೆ ಅಳೆಯಿರಿ. ಮೇಲಿನ ಗುರುತಿಗೆ ಸ್ವಲ್ಪ ಕೆಳಗೇ ನಿಲ್ಲಿಸಿ.

ಹೆಚ್ಚಾದರೆ ಒಳ್ಳೆಯದೇ ಎನ್ನುವವರಿದ್ದಾರೆ. ಅದು ತಪ್ಪು. ಗುರುತು ಮೀರಿದ ಆಯಿಲ್‌ಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಬಡಿದು ನೊರೆ ಏಳುತ್ತದೆ. ನೊರೆಯಲ್ಲಿ ಗಾಳಿಯಿರುವುದರಿಂದ ಬೇರಿಂಗ್‌ಗಳಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಉಸಿರುಕೊಳವೆಯ ಮೂಲಕ ಆಯಿಲ್ ಇಂಜಿನ್ನಿಗೆ ಸೇರಿ ನೀಲಿ ಹೊಗೆ ಬರುತ್ತದೆ, ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಹೆಚ್ಚು ಹಾಕಿದ್ದರೆ ಗ್ಯಾರೇಜಿನಲ್ಲಿ ತೆಗೆಸಿಯೇ ಓಡಿಸಿ.

ದರ್ಜೆಯ ವಿಷಯ. ಡಬ್ಬಿಯ ಮೇಲಿನ 0ಡಬ್ಲ್ಯೂ-16, 0ಡಬ್ಲ್ಯೂ-20, 5ಡಬ್ಲ್ಯೂ-30 ಎಂಬ ಸಂಖ್ಯೆಗಳು ಆಯಿಲ್ ಎಷ್ಟು ತೆಳು, ಎಷ್ಟು ಮಂದ ಎಂಬುದನ್ನು ಹೇಳುತ್ತವೆ. 'ನಮ್ಮಲ್ಲಿ ಸೆಕೆ ಜಾಸ್ತಿ, ದಪ್ಪ ಆಯಿಲ್ ಹಾಕಿ' ಎಂಬ ಸಲಹೆ ಈಗಿನ ಇಂಜಿನ್ನುಗಳಿಗೆ ಹೊಂದುವುದಿಲ್ಲ. ತೆಳು ಆಯಿಲ್‌ಗೆಂದೇ ಅವುಗಳ ಒಳಗಿನ ಸಂದುಗಳನ್ನೂ ಪಂಪನ್ನೂ ಮಾಡಿರುತ್ತಾರೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಸಾಮಾನ್ಯ ಆಯಿಲ್ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಈ ಡೀಸೆಲ್ ಕಾರುಗಳಲ್ಲಿ ಇನ್ನೊಂದು ಸಂಗತಿ ನೋಡಬೇಕು: ಆಯಿಲ್ ಮಟ್ಟ ಇಳಿಯುವ ಬದಲು ಏರುವುದು. ಡಿಪಿಎಫ್‌ನಲ್ಲಿ ಸೇರಿದ ಮಸಿಯನ್ನು ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅಂಧೇರಿ, ಹಿಂಜೆವಾಡಿಯ ದಟ್ಟಣೆಯಲ್ಲಿ ಸುಡುವ ಕೆಲಸ ಮುಗಿಯುವ ಮೊದಲೇ ಕಾರು ನಿಲ್ಲಿಸಿದರೆ ಆ ಡೀಸೆಲ್‌ನ ಒಂದು ಪಾಲು ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಮಟ್ಟ ಮೇಲಿನ ಗುರುತು ದಾಟಿ, ಡಿಪ್‌ಸ್ಟಿಕ್‌ನಿಂದ ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸಬೇಕು. ಸ್ವಲ್ಪ ತೆಗೆದು ಮಟ್ಟ ಸರಿಮಾಡಿದರೆ ಸಾಲದು. ಉಳಿದದ್ದೂ ತೆಳುವಾಗಿಯೇ ಇರುತ್ತದೆ.

ಸಿಎನ್‌ಜಿ ಕಾರಿನವರಿಗೂ ಒಂದು ಎಚ್ಚರಿಕೆ. ಸಿಎನ್‌ಜಿ ಮಸಿ ಬಿಡುವುದು ಬಹಳ ಕಡಿಮೆ, ಹಾಗಾಗಿ ಆಯಿಲ್ ಬಹುಕಾಲ ಜೇನಿನ ಬಣ್ಣದಲ್ಲೇ ಇರುತ್ತದೆ. ಬಣ್ಣ ಚೆನ್ನಾಗಿದೆಯೆಂದು ಬದಲಿಸುವುದನ್ನು ಮುಂದೂಡಬೇಡಿ, ಬಿಸಿಗೆ ಆಯಿಲ್ ಒಳಗೊಳಗೇ ಹಳಸಿರುತ್ತದೆ. ಡೀಸೆಲ್‌ನಲ್ಲಿ ಇದಕ್ಕೆ ತದ್ವಿರುದ್ಧ: ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಅದು ದೋಷವಲ್ಲ. ಬಣ್ಣದಲ್ಲಿ ಭಯಪಡಬೇಕಾದ್ದು ಒಂದೇ, ಹಾಲು ಬೆರೆಸಿದ ಕಾಫಿಯ ಬಣ್ಣ. ಮಳೆಗಾಲದಲ್ಲಿ ಬರೀ ಎರಡು-ಮೂರು ಕಿಲೋಮೀಟರ್ ಓಡುವ ಕಾರಿನ ಮುಚ್ಚಳದ ಅಡಿಯಲ್ಲಿ ಮಾತ್ರ ಕೆನೆಯಂಥ ಪದರವಿದ್ದರೆ ಅದು ತೇವದಿಂದ ಬಂದಿರಬಹುದು. ಡಿಪ್‌ಸ್ಟಿಕ್ ಮೇಲೂ ಹಾಗೇ ಇದ್ದರೆ ಆಯಿಲ್‌ಗೆ ಕೂಲಂಟ್ ಅಥವಾ ಮಳೆನೀರು ಸೇರಿದೆ. ಚಾಲೂ ಮಾಡದೆ ಟೋ ಮಾಡಿಸಿ.

ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆಕುಡಿಕೆಯ ದೀಪ ಬಂದಾಗ ನೋಡಿದರಾಯಿತು ಎಂದುಕೊಳ್ಳಬೇಡಿ. ಅದು ತೋರಿಸುವುದು ಆಯಿಲ್ ಒತ್ತಡವನ್ನು, ಮಟ್ಟವನ್ನಲ್ಲ. ಅದು ಓಡುವಾಗ ಬೆಳಗಿದರೆ ಬೇರಿಂಗ್‌ಗಳಿಗೆ ಆಯಿಲ್ ತಲುಪುತ್ತಿಲ್ಲ. ಎಕ್ಸ್‌ಪ್ರೆಸ್‌ವೇ ಆದರೂ ಎಡಕ್ಕೆ ಸರಿದು ಇಂಜಿನ್ ನಿಲ್ಲಿಸಬೇಕು. ಮುಂದಿನ ಪೆಟ್ರೋಲ್ ಪಂಪ್‌ವರೆಗೆ ಹೋಗೋಣವೆಂದರೆ ಇಂಜಿನ್ ಉಳಿಯದು.

ಕೂಲಂಟ್

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬಾರದು. ಕಾರಣ ತಿಳಿದರೆ ಅವಸರದಲ್ಲೂ ಮರೆಯುವುದಿಲ್ಲ. ಆ ಮುಚ್ಚಳ ಪ್ರೆಶರ್ ಕುಕ್ಕರಿನ ವಿಷಲ್‌ನಂತೆ ಒಳಗೆ ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳ ತಿರುವಿದ ಕ್ಷಣ ಒತ್ತಡ ಇಳಿದು, ನೂರು ಡಿಗ್ರಿ ಮೀರಿದ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ದಪ್ಪ ಬಟ್ಟೆ ಹಿಡಿದರೂ ಅದು ತಡೆಯುವುದಿಲ್ಲ. ಇಂಜಿನ್ ನಿಲ್ಲಿಸಿ ಕನಿಷ್ಠ ಒಂದು ಗಂಟೆ ಬಿಡಿ. ಮೇಲಿನ ಹೋಸ್ ಹಿಂಡಿದಾಗ ಮೆತ್ತಗೆ, ತಣ್ಣಗೆ ಇದ್ದರೆ ಮಾತ್ರ ತೆರೆಯಿರಿ. ಬಟ್ಟೆ ಹಿಡಿದು, ಮೊದಲು ಕಾಲು ಸುತ್ತು ತಿರುವಿ, ಸುಯ್ ಎಂಬ ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಕಾರುಗಳಲ್ಲಿ ಎರಡು ಬಗೆಯಿದೆ. ಒಂದರಲ್ಲಿ ರೇಡಿಯೇಟರ್ ಮೇಲೆ ಒತ್ತಡದ ಮುಚ್ಚಳ, ಪಕ್ಕದಲ್ಲಿ ಒತ್ತಡವಿಲ್ಲದ ಪ್ಲಾಸ್ಟಿಕ್ ಡಬ್ಬಿ. ಇನ್ನೊಂದರಲ್ಲಿ ರೇಡಿಯೇಟರ್‌ಗೆ ಮುಚ್ಚಳವೇ ಇಲ್ಲ, ಡಬ್ಬಿಯೇ ಒತ್ತಡದಲ್ಲಿರುತ್ತದೆ, ಆದ್ದರಿಂದ ಡಬ್ಬಿಯ ಮುಚ್ಚಳವೂ ಅಷ್ಟೇ ಅಪಾಯದ್ದು. ಎರಡರಲ್ಲೂ ತಣ್ಣಗಿರುವಾಗ ಮಟ್ಟ ಕೆಳಗಿನ, ಮೇಲಿನ ಗೆರೆಗಳ ನಡುವೆ ಇರಬೇಕು. ಡಬ್ಬಿ ಹಳದಿಗಟ್ಟಿ ಕಾಣದಿದ್ದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಮೊದಲ ಬಗೆಯ ಕಾರಿನಲ್ಲಿ ಡಬ್ಬಿ ತುಂಬಿದೆಯೆಂದು ಸುಮ್ಮನಾಗಬೇಡಿ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ತಣ್ಣಗಾದಾಗ ಡಬ್ಬಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳುವುದಿಲ್ಲ. ಡಬ್ಬಿ ಭರ್ತಿ, ರೇಡಿಯೇಟರ್ ಖಾಲಿ. ದೂರ ಹೊರಡುವ ಮೊದಲು ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳವನ್ನೇ ತೆಗೆದು, ಕಂಠದವರೆಗೆ ಕೂಲಂಟ್ ಇದೆಯೇ ನೋಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಅದೇ ಒತ್ತಡದ ಹೊಸ ಮುಚ್ಚಳ ಹಾಕಿಸಿ.

ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಹಸಿರು, ಗುಲಾಬಿ, ನೀಲಿ ಎಲ್ಲ ಕಂಪನಿಯವರು ಬೆರೆಸುವ ಬಣ್ಣ. ಒಂದೇ ಬಣ್ಣದಲ್ಲಿ ಬೇರೆ ಬೇರೆ ರಸಾಯನಗಳಿರುತ್ತವೆ. ಹೊಂದದ ಎರಡು ಬಗೆ ಸೇರಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವೊಮ್ಮೆ ಲೋಳೆಗಟ್ಟಿ ರೇಡಿಯೇಟರ್ ನಾಳಗಳು ಮುಚ್ಚುತ್ತವೆ. ಕೈಪಿಡಿಯ ದರ್ಜೆಯನ್ನೇ ಕೊಳ್ಳಿ. 'ಪ್ರೀಮಿಕ್ಸ್' ಡಬ್ಬಿಯಾದರೆ ನೇರವಾಗಿ ಹಾಕಿ, ನೀರು ಬೆರೆಸಬೇಡಿ. ಗಟ್ಟಿ ಕೂಲಂಟ್ ಆದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಸೇರಿಸಿ. ಬೋರ್‌ವೆಲ್ ನೀರಿನ ಲವಣ ಒಳಗೆ ಪದರಗಟ್ಟುತ್ತದೆ. ಮನೆಯ ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ.

ಮುಂಬೈ, ಗೋವಾದ ಉಪ್ಪುಗಾಳಿಗೆ ಹೋಸ್ ಕ್ಲಿಪ್ಪುಗಳು, ರೇಡಿಯೇಟರಿನ ತೆಳು ರೆಕ್ಕೆಗಳು ಬೇಗ ತುಕ್ಕು ಹಿಡಿಯುತ್ತವೆ. ಮಟ್ಟ ಇಳಿದಿದ್ದರೆ ಮೊದಲು ಹೋಸ್ ತುದಿಗಳನ್ನೂ ವಾಟರ್ ಪಂಪಿನ ಕೆಳಭಾಗವನ್ನೂ ನೋಡಿ. ಒಣಗಿದ ಕೂಲಂಟ್ ಬಣ್ಣದ ಪುಡಿಯಾಗಿ ಅಂಟಿರುತ್ತದೆ. ಕಾರಿನೊಳಗೆ ಸಿಹಿವಾಸನೆ, ಗಾಜಿನ ಒಳಬದಿ ಅಂಟುಮಂಜು ಇದ್ದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡಿನ ಹಿಂದಿರುವ, ಕೂಲಂಟ್ ಹರಿಯುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಹೊರಗೆಲ್ಲೂ ಕುರುಹಿಲ್ಲದೆ ಮಟ್ಟ ಇಳಿಯುತ್ತಿದ್ದು, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲು) ಪರೀಕ್ಷಿಸಲೇಬೇಕು.

ಫ್ಯಾನನ್ನೂ ನೋಡಿ. ದಟ್ಟಣೆಯಲ್ಲಿ ನಿಂತ ಕಾರಿಗೆ ಎದುರುಗಾಳಿ ಇಲ್ಲ, ರೇಡಿಯೇಟರಿಗೆ ಇರುವುದು ಫ್ಯಾನಿನ ಗಾಳಿಯೊಂದೇ. ಇಂಜಿನ್ ಚಾಲೂ ಮಾಡಿ ಏಸಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು.

ಘಾಟ್ ಹತ್ತುವಾಗ ಬಿಸಿಯ ದೀಪ ಬಂದರೆ ಏಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ತಿರುಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಆವಿ ಬರುತ್ತಿದ್ದರೆ ಬಾನೆಟ್ ಎತ್ತಬೇಡಿ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು. ಪೂರ್ತಿ ಆರಿದ ಮೇಲೆ ಕುಡಿಯುವ ನೀರು ಹಾಕಿ ಹತ್ತಿರದ ಗ್ಯಾರೇಜಿಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ಆಮೇಲೆ ಸರಿಯಾದ ಕೂಲಂಟ್ ತುಂಬಿಸಿಕೊಳ್ಳಿ.

ಬ್ರೇಕ್ ಆಯಿಲ್

ಬಾನೆಟ್ಟಿನೊಳಗೆ, ಡ್ರೈವರ್ ಎದುರಿನ ಗೋಡೆಯ ಹತ್ತಿರ ಇರುವ ಸಣ್ಣ ಅರೆಪಾರದರ್ಶಕ ಡಬ್ಬಿ. ಮಟ್ಟವನ್ನು ಹೊರಗಿನಿಂದಲೇ ನೋಡಿ, ಸುಮ್ಮಸುಮ್ಮನೆ ಮುಚ್ಚಳ ತೆಗೆಯಬೇಡಿ. ಈ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದು 205 ಮತ್ತು 140. ಘಾಟ್ ಇಳಿಯುವಾಗ ಪೆಡಲ್ ಒತ್ತಿಕೊಂಡೇ ಬಂದರೆ ಡಿಸ್ಕಿನ ಬಿಸಿ ದ್ರವಕ್ಕೆ ಹತ್ತುತ್ತದೆ. ದ್ರವ ಕುದಿದರೆ ಆವಿಗುಳ್ಳೆಗಳಾಗುತ್ತವೆ, ಕಾಲಿನ ಒತ್ತಡವೆಲ್ಲ ಅವನ್ನು ಅಮುಕುವುದರಲ್ಲೇ ಮುಗಿದು ಪೆಡಲ್ ನೆಲ ಮುಟ್ಟುತ್ತದೆ. ಪುಣೆಯ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಅಪಘಾತಗಳಿಗೆ ಕುಖ್ಯಾತ. ಅಂಥಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದೆಂದರೆ ಇಡೀ ಭಾರವನ್ನು ಬ್ರೇಕಿನ ಮೇಲೆ ಹಾಕಿದಂತೆ. ಎರಡನೇ, ಮೂರನೇ ಗೇರಿನಲ್ಲೇ ಇಳಿಯಬೇಕು. ಮಟ್ಟ ಸರಿಯಿದ್ದರೂ ಹೆಚ್ಚಿನ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕು ಎನ್ನುವುದು ಇದೇ ಕಾರಣಕ್ಕೆ, ನಮ್ಮ ಮಳೆಗಾಲದ ತೇವಕ್ಕಂತೂ ಇದನ್ನು ಮೀರಲೇಬಾರದು.

ಮಟ್ಟ ನಿಧಾನವಾಗಿ ಇಳಿದಿದ್ದರೆ ಮೊದಲು ಪ್ಯಾಡ್ ನೋಡಿಸಿ. ಸವೆದ ಪ್ಯಾಡ್ ಇರುವಾಗ ಮೇಲಿನ ಗೆರೆಗೆ ತುಂಬಿಸಿದರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದೆ ಒತ್ತಿದಾಗ ಡಬ್ಬಿ ಉಕ್ಕಿ ಹರಿಯುತ್ತದೆ. ಒಂದೇ ವಾರದಲ್ಲಿ ಇಳಿದಿದ್ದರೆ ಅದು ಸೋರಿಕೆ. ತುಂಬಿಸಿ ಓಡಿಸುವ ಯೋಚನೆ ಬೇಡ. ಹಲವು ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ದ್ರವ ಹೋಗುವುದರಿಂದ ಕ್ಲಚ್ ಪೆಡಲ್ ಹತ್ತಿರದ ಕಾರ್ಪೆಟ್ ಒದ್ದೆಯಾಗಿದೆಯೇ ಎಂದೂ ಮುಟ್ಟಿ ನೋಡಿ.

ಸ್ವಲ್ಪ ಮಾತ್ರ ಸೇರಿಸಬೇಕಿದ್ದರೆ ಮುಚ್ಚಳದ ಸುತ್ತಲಿನ ಧೂಳನ್ನು ಮೊದಲು ಒರೆಸಿ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ, ಸೀಲ್ ಒಡೆಯದ ಹೊಸ ಬಾಟಲಿಯನ್ನೇ ಬಳಸಿ. ವರ್ಷದ ಹಿಂದೆ ಅರ್ಧ ಉಳಿದ ಬಾಟಲಿ ಅಷ್ಟರಲ್ಲಿ ತೇವ ಕುಡಿದಿರುತ್ತದೆ. ಡಾಟ್ 5 ಸಿಲಿಕೋನ್ ದ್ರವ. ಡಾಟ್ 3, 4, 5.1ರ ಜೊತೆ ಸೇರಿಸಬಾರದು. ಬಣ್ಣದ ಮೇಲೆ ಹನಿ ಬಿದ್ದರೆ ಉಜ್ಜದೆ ಕೂಡಲೇ ನೀರು ಸುರಿದು ತೊಳೆಯಿರಿ, ಇಲ್ಲವಾದರೆ ಪೇಂಟ್ ಏಳುತ್ತದೆ.

'ಬ್ರೇಕ್ ಆಯಿಲ್' ಎಂಬ ಹೆಸರಿದ್ದರೂ ಇದು ಎಣ್ಣೆಯಲ್ಲ. ಈ ಡಬ್ಬಿಗೆ ಇಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಸ್ವಲ್ಪ ಬಿದ್ದರೂ ಒಳಗಿನ ರಬ್ಬರ್ ಸೀಲುಗಳು ಉಬ್ಬುತ್ತವೆ, ಬ್ರೇಕ್ ಹಿಡಿದುಕೊಳ್ಳಬಹುದು ಅಥವಾ ಪೂರ್ತಿ ಹೋಗಬಹುದು. ಆಯಿಲ್ ಹಾಕಿದ ಲಾಳಿಕೆಯನ್ನು ಇಲ್ಲಿ ಬಳಸಬೇಡಿ. ತಪ್ಪಾಗಿ ಬಿದ್ದಿದ್ದರೆ ಪೆಡಲ್ ಒಮ್ಮೆಯೂ ಒತ್ತದೆ, ಕಾರನ್ನು ಟೋ ಮಾಡಿಸಿ ಗ್ಯಾರೇಜಿಗೆ ಕಳಿಸಿ.

ಉಳಿದವು

ಗಾಜು ತೊಳೆಯುವ ನೀರಿನ ಮುಚ್ಚಳದ ಮೇಲೆ ಗಾಜು ಮತ್ತು ಕಾರಂಜಿಯ ಚಿತ್ರವಿರುತ್ತದೆ. ಇದನ್ನು ಕೂಲಂಟ್ ಡಬ್ಬಿಯೆಂದು ತಪ್ಪು ತಿಳಿಯುವವರು ಬಹಳ, ಚಿತ್ರ ನೋಡಿಯೇ ತೆರೆಯಿರಿ. ಶುದ್ಧ ನೀರಿಗೆ ವೈಪರ್ ದ್ರವ ಬೆರೆಸಿ ಹಾಕಿ. ಪಾತ್ರೆ ತೊಳೆಯುವ ಸೋಪು ನೊರೆಯೆದ್ದು, ಒಣಗಿ, ರಾತ್ರಿ ಎದುರಿನ ದೀಪಕ್ಕೆ ಗಾಜನ್ನು ಮಬ್ಬಾಗಿಸುತ್ತದೆ.

ಈಗಿನ ಹೆಚ್ಚಿನ ಕಾರುಗಳ ಪವರ್ ಸ್ಟೀರಿಂಗ್ ವಿದ್ಯುತ್ತಿನದು, ಅದರಲ್ಲಿ ದ್ರವವಿಲ್ಲ. ಹಳೆಯ ಹೈಡ್ರಾಲಿಕ್ ಸ್ಟೀರಿಂಗ್ ಇದ್ದರೆ ಡಬ್ಬಿಯ ಬಿಸಿ, ತಣ್ಣನೆಯ ಗುರುತುಗಳನ್ನು ನೋಡಿ. ತಿರುಗಿಸುವಾಗ ಮುಲುಗುವ ಸದ್ದು ಬಂದರೆ ಮಟ್ಟ ಇಳಿದಿರಬಹುದು. ಆಟೊಮ್ಯಾಟಿಕ್, ಸಿವಿಟಿ, ಎಎಂಟಿ ಗೇರ್‌ಬಾಕ್ಸಿನ ದ್ರವವನ್ನು ಮನೆಯಲ್ಲಿ ಮುಟ್ಟದಿರುವುದೇ ಸರಿ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಕೂಲಂಟ್‌ಗೂ ಇದೇ ಮಾತು. ಅಂಥ ಕಾರಿನಲ್ಲಿ ನೀವು ನೋಡಬೇಕಾದ್ದು ಬ್ರೇಕ್ ಆಯಿಲ್ ಮತ್ತು ಗಾಜಿನ ನೀರು, ಕಿತ್ತಳೆ ವೈರುಗಳ ಹತ್ತಿರ ಕೈ ಬೇಡ.

ಬ್ಯಾಟರಿಗೆ ಬಿರಡೆಗಳಿದ್ದರೆ ಪ್ಲೇಟುಗಳು ಮುಳುಗಿರಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಹಾಕಬೇಡಿ. ಹತ್ತಿರ ಬೆಂಕಿ, ಸಿಗರೇಟ್ ಇರಬಾರದು, ಅಲ್ಲಿ ಹೈಡ್ರೋಜನ್ ಅನಿಲವಿರುತ್ತದೆ. ಡೆಫ್ ಬೇಕಾಗುವ ಡೀಸೆಲ್ ಕಾರಿನಲ್ಲಿ ಅದರ ಮುಚ್ಚಳ ನೀಲಿ. ಅದು ಶೇಕಡಾ 32.5 ಯೂರಿಯಾ ದ್ರಾವಣ. ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಇಗ್ನಿಶನ್ ಕೂಡ ಆನ್ ಮಾಡಬೇಡಿ.

ಕೊಳ್ಳುವಾಗ ಕುರ್ಲಾದ ಸಿಎಸ್‌ಟಿ ರಸ್ತೆಯೋ ಪುಣೆಯ ನಾನಾ ಪೇಠೆಯೋ ಆಗಲಿ, ಸೀಲ್ ಗಟ್ಟಿಯಿದೆಯೇ, ತಯಾರಿಕೆಯ ತಿಂಗಳು ಅಚ್ಚಾಗಿದೆಯೇ ನೋಡಿ, ಬಿಲ್ ತೆಗೆದುಕೊಳ್ಳಿ. ಆಯಿಲ್ ನಕಲಿ ಬರುವುದುಂಟು, ಅಸಾಧಾರಣ ರಿಯಾಯಿತಿ ಕಂಡರೆ ಬಿಟ್ಟುಬಿಡಿ. ಊರಿನ ದಾರಿಗೆ ಡಿಕ್ಕಿಯಲ್ಲಿ ನಿಮ್ಮ ದರ್ಜೆಯ ಒಂದು ಲೀಟರ್ ಇಂಜಿನ್ ಆಯಿಲ್, ಒಂದು ಲೀಟರ್ ಪ್ರೀಮಿಕ್ಸ್ ಕೂಲಂಟ್, ಎರಡು ಬಾಟಲಿ ನೀರು ಇರಲಿ.

ತುಂಬಿಸಿದ ಮೇಲೆ ಎಲ್ಲ ಮುಚ್ಚಳಗಳೂ ಭದ್ರವಾಗಿವೆಯೇ, ಬಟ್ಟೆ ಬಾನೆಟ್ಟಿನೊಳಗೆ ಉಳಿದಿದೆಯೇ ನೋಡಿ. ಎಕ್ಸಾಸ್ಟ್ ಮೇಲೆ ಬಿದ್ದ ಬಟ್ಟೆಗೆ ಬೆಂಕಿ ಹತ್ತುತ್ತದೆ. ಇಪ್ಪತ್ತು-ಮೂವತ್ತು ಕಿಲೋಮೀಟರ್ ಓಡಿಸಿ, ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಅಳೆದು, ಕಿಲೋಮೀಟರ್ ಜೊತೆಗೆ ಬರೆದಿಡಿ. ಹಳೆಯ ಆಯಿಲ್, ಕೂಲಂಟ್ ಅನ್ನು ಸೊಸೈಟಿಯ ಗಟಾರಕ್ಕೆ ಸುರಿಯಬೇಡಿ, ಮುಂಬೈಯ ನಾಲೆಗಳು ಖಾಡಿಗೂ ಸಮುದ್ರಕ್ಕೂ ಸೇರುತ್ತವೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಕೂಲಂಟ್ ಸಿಹಿಯಾಗಿದ್ದರೂ ಅದರ ಎಥಿಲೀನ್ ಗ್ಲೈಕಾಲ್ ಕಿಡ್ನಿ ಕೆಡಿಸುವ ವಿಷ. ಮಕ್ಕಳ ಕೈಗೆ ಬಾಟಲಿ ಸಿಗದಿರಲಿ, ಪಾರ್ಕಿಂಗ್‌ನಲ್ಲಿ ಚೆಲ್ಲಿದ ಕೂಲಂಟನ್ನು ಬೆಕ್ಕು, ನಾಯಿ ನೆಕ್ಕುವ ಮೊದಲೇ ಮರಳು ಹಾಕಿ ಬಳಿದು, ನೀರಿನಿಂದ ತೊಳೆಯಿರಿ.